ಸಿರಿವಂತರ ಪಾರ್ಟಿಯಲ್ಲಿ ರಾಕ್ ಬ್ಯಾಂಡ್

ಹೆಸರಾಂತ ರಾಕ್ ಬ್ಯಾಂಡ್‌ಗಳು ದುಡ್ಡಿದ್ದವರ ಖಾಸಗಿ ಪಾರ್ಟಿಯಲ್ಲಿ ನುಡಿಸಬಹುದಾ? ಧಾರಾಳವಾಗಿ ನುಡಿಸಲಿ. 2002ರಲ್ಲಿ ರೋಲಿಂಗ್ ಸ್ಟೋನ್ಸ್ ಲಾಸ್ ವೇಗಸ್‌ನಲ್ಲಿ ಹೂಡಿಕೆದಾರ ಡೇವಿಡ್ ಬಾಂಡರ್ಮನ್ ಅವರ ಅರವತ್ತನೇ ಹುಟ್ಟುಹಬ್ಬಕ್ಕೆ ನುಡಿಸಿದರು. ಅದರಿಂದ ಅವರ ಸಂಗೀತದ ತೂಕವೇನೂ ಇಳಿಯಲಿಲ್ಲ.

ದುಡ್ಡು ಯಾರದ್ದು ಅನ್ನೋದು ಮಾತ್ರ ಮುಖ್ಯ. ಇಂಥ ಬುಕಿಂಗ್ ಎಷ್ಟೋ ಸಲ ಮಧ್ಯವರ್ತಿ ಕಂಪನಿಯ ಹೆಸರಲ್ಲಿ ಬರುತ್ತೆ, ಜೊತೆಗೆ ಗೌಪ್ಯತೆಯ ಷರತ್ತೂ ಇರುತ್ತೆ. ಮುಂಗಡ ಖಾತೆಗೆ ಬೀಳುವ ಮೊದಲೇ ನಿಜವಾದ ಆತಿಥೇಯರ ಹೆಸರು ಕರಾರಿನಲ್ಲಿ ಇರಲೇಬೇಕು. ಪಾಪ್ ಗಾಯಕಿ ನೆಲ್ಲಿ ಫರ್ಟಾಡೊ 2007ರಲ್ಲಿ ಇಟಲಿಯ ಹೋಟೆಲೊಂದರಲ್ಲಿ ಅತಿಥಿಗಳ ಮುಂದೆ 45 ನಿಮಿಷ ಹಾಡಿ, ಲಿಬಿಯಾದ ಸರ್ವಾಧಿಕಾರಿ ಗಡಾಫಿ ಕುಟುಂಬದಿಂದ 10 ಲಕ್ಷ ಡಾಲರ್ ಪಡೆದಿದ್ದರು. ಅದನ್ನು ದಾನ ಮಾಡ್ತೀನಿ ಅಂದಿದ್ದು 2011ರಲ್ಲಿ, ಲಿಬಿಯಾ ಹೊತ್ತಿ ಉರಿಯುವಾಗ. ತುಂಬಾ ತಡವಾಯ್ತು.

ಇನ್ನು ಸೌಂಡ್. ಔತಣದ ಹಾಲ್ ಅಂದ್ರೆ ತಗ್ಗು ಚಾವಣಿ, ಗಾಜು, ಕಲ್ಲಿನ ನೆಲ. ಡ್ರಮ್ಸ್ ಒಂದೇ 100 ಡೆಸಿಬಲ್ ದಾಟುತ್ತೆ. ಅತಿಥಿಗಳು ಸೌಂಡ್ ಕಮ್ಮಿ ಮಾಡಿ ಅಂತಾರೆ, ಸೌಂಡ್ ಎಂಜಿನಿಯರ್ ಮಿಕ್ಸರ್‌ನಲ್ಲಿ ಸ್ಪೀಕರ್‌ಗಳ ಸದ್ದು ಇಳಿಸ್ತಾರೆ. ಆದರೆ ಡ್ರಮ್ಸ್ ಜೊತೆಗಿನ ಲೋಹದ ತಟ್ಟೆ, ಅಂದ್ರೆ ಸಿಂಬಲ್, ಸ್ಪೀಕರ್ ಇಲ್ಲದೇ ನೇರವಾಗಿ ಕಿವಿಗೆ ಬಡಿಯೋದರಿಂದ ಇಳಿಯೋದು ಹಾಡುಗಾರರ ದನಿ ಮಾತ್ರ! ಡ್ರಮ್ಸ್ ಹಿಂದೆ ದಪ್ಪ ಪರದೆ ಕಟ್ಟಿ, ಕಲಾವಿದರು ತಮ್ಮ ಸದ್ದು ಕೇಳಿಸಿಕೊಳ್ಳಲು ನೆಲದ ಮೇಲಿಡುವ ಸ್ಪೀಕರ್ (ಮಾನಿಟರ್) ಬದಲು ಕಿವಿಗೆ ಹಾಕುವ ಇಯರ್ ಮಾನಿಟರ್ ಕೊಡಿ, ಗಿಟಾರ್ ಸದ್ದು ಹೆಚ್ಚಿಸುವ ಆಂಪ್‌ಗಳನ್ನು ಪಕ್ಕಕ್ಕೆ ತಿರುಗಿಸಿ. ಮೊದಲ ಸಾಲಿನ ಊಟದ ಮೇಜುಗಳನ್ನು ಹಿಂದಕ್ಕೆ ಸರಿಸಿ, ಊಟ ಮುಗಿದ ಮೇಲೇ ಶುರು ಮಾಡಿ.