ಪಿ.ಎಫ್. ಕಟ್ಟಿದ್ದೀರಾ?

ನನ್ನ ದಾವೆ ವಜಾ ಆಗಲಿಕ್ಕೆ ಎರಡು ನಿಮಿಷವೂ ಬೇಕಾಗಲಿಲ್ಲ. ನಂಬರ್ ಕೂಗಿದರು, ಎದ್ದು ನಿಂತೆ. ನ್ಯಾಯಾಧೀಶರು ಫೈಲ್ ತಿರುವಿದರು. "ಪಿ.ಎಫ್. ಇನ್ನೂ ಕಟ್ಟಿಲ್ಲ. ಹೋದ ಸಲವೇ ಸಮಯ ಕೊಟ್ಟಿತ್ತಲ್ಲ" ಅಂದರು. ಏನೋ ಬರೆದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ನಂಬರ್ ಕೂಗಿ ಆಗಿತ್ತು.

ಉಡುಪಿಯಲ್ಲಿ ಹನ್ನೊಂದು ವರ್ಷ ಬಾಡಿಗೆ ಕೋಣೆಯಲ್ಲಿ ಬಟ್ಟೆ ಹೊಲಿದವಳು ನಾನು. ಕೋಣೆ ಬಿಟ್ಟಾಗ ಮಾಲೀಕ ದಂಪತಿ 60,000 ರೂಪಾಯಿ ಅಡ್ವಾನ್ಸ್ ವಾಪಸ್ ಕೊಡಲಿಲ್ಲ. ಇವತ್ತು, ನಾಳೆ ಅಂತ ಎಂಟು ತಿಂಗಳು ಅಲೆಸಿದರು. ವಕೀಲರಿಗೆ ಕೊಡಲು ದುಡ್ಡಿರಲಿಲ್ಲ. ನಮ್ಮ ಕೇಸನ್ನು ನಾವೇ ನಡೆಸಬಹುದು ಅಂತ ಗೊತ್ತಾಯಿತು. ದಾವೆ ಬರೆದು, ಕೋರ್ಟ್ ಫೀ ಕಟ್ಟಿ, ರಸೀದಿಯನ್ನು ಬ್ಲೌಸ್ ಅಳತೆ ಬರೆಯುವ ಪುಸ್ತಕದೊಳಗೆ ಜೋಪಾನ ಮಾಡಿದೆ.

ಮೊದಲ ವಾಯಿದೆಯಲ್ಲಿ "ಸ್ಟೆಪ್ಸ್ ತಗೊಳ್ಳಿ, ಪಿ.ಎಫ್. ಕಟ್ಟಿ" ಅಂದಿದ್ದರು. ಫೀಸ್ ಕಟ್ಟಿದ್ದೇನಲ್ಲ ಅಂದುಕೊಂಡು ತಲೆಯಾಡಿಸಿ ಬಂದೆ. ಸಮನ್ಸ್ ಕೋರ್ಟೇ ಕಳಿಸುತ್ತದೆ ಅಂತ ನಂಬಿದ್ದೆ. ಆಮೇಲೆ ಎರಡು ಸಲ ಸಂತೆಕಟ್ಟೆಯಿಂದ ಬಸ್ ಹಿಡಿದು, ಅಂಗಡಿ ಮುಚ್ಚಿ, ಬೆಳಿಗ್ಗೆ ಹತ್ತೂವರೆಗೇ ಹೋಗಿ ಕೂತಿದ್ದೇನೆ.

ವಜಾ ಆದ ದಿನ ಹೊರಗೆ ಜೋರು ಮಳೆ. ಜಗಲಿಯಲ್ಲಿ ನಿಂತಿದ್ದ ಒಬ್ಬರು ವಕೀಲರ ಗುಮಾಸ್ತರಿಗೆ ರಸೀದಿ ತೋರಿಸಿದೆ. "ಇದು ಕೋರ್ಟ್ ಫೀ ಅಕ್ಕಾ. ಪಿ.ಎಫ್. ಅಂದರೆ ಪ್ರೋಸೆಸ್ ಫೀ, ಅದು ಬೇರೆ. ಅದನ್ನು ಕಟ್ಟದೆ ಸಮನ್ಸ್ ಹೋಗುವುದು ಹೇಗೆ ಮಾರಾಯ್ರೆ?" ಅಂದರು. ಪ್ರತಿವಾದಿ ಎಷ್ಟು ಜನವೋ ಅಷ್ಟು ದಾವೆಯ ಪ್ರತಿ ಕೊಡಬೇಕು, ಸಮನ್ಸ್ ಜಾರಿಯ ಶುಲ್ಕ ಕಟ್ಟಬೇಕು. ಆಮೇಲೆಯೇ ಸಮನ್ಸ್ ಮುಟ್ಟಿಸುವ ಅಮೀನರು ಹೊರಡುವುದು. ವಾದಿ ಇದನ್ನು ಮಾಡದೆ ಸಮನ್ಸ್ ಜಾರಿಯಾಗದಿದ್ದರೆ ದಾವೆ ವಜಾ ಮಾಡಬಹುದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ, ಆದೇಶ 9, ನಿಯಮ 2.

ಆರ್ಡರ್ ಶೀಟ್ ನಕಲು ತೆಗೆಸಿದೆ. "ವಾದಿ ಹಾಜರ್. ಪಿ.ಎಫ್. ಪಾವತಿಸಿಲ್ಲ. ದಾವೆ ವಜಾ." ಇಷ್ಟೇ. ವಾದಿ ಹಾಜರ್ ಅಂತ ಓದುವಾಗ ಅಳು ಬಂತು. ಎಲ್ಲ ಸಲವೂ ಹಾಜರಿದ್ದೆ ನಾನು. 60,000ದ ಬಗ್ಗೆ ಒಂದು ಮಾತೂ ಇಲ್ಲ. ಅಲ್ಲಿಯವರೆಗೆ ಕೇಸ್ ಹೋಗಲೇ ಇಲ್ಲ, ಅಲ್ವಾ?

ನಿಯಮ ತಪ್ಪು ಅನ್ನುವುದಿಲ್ಲ. ಎದುರಿನವರಿಗೆ ಸುದ್ದಿಯೇ ಮುಟ್ಟಿಸದೆ ಕೇಸ್ ನಡೆಸಲು ಆಗುವುದಿಲ್ಲ. ಆದರೆ ಕೋರ್ಟ್ ಫೀ ಬೇರೆ, ಪ್ರೋಸೆಸ್ ಫೀ ಬೇರೆ ಅಂತ ಫೈಲಿಂಗ್ ಕೌಂಟರಿನಲ್ಲಿ ಕನ್ನಡದಲ್ಲಿ ಒಂದು ಬೋರ್ಡ್ ಹಾಕಬೇಕು. ಒಬ್ಬರೇ ಬರುವವರಿಗೆ ಎರಡಕ್ಷರದ ಇಂಗ್ಲಿಷ್ ಸಾಕಾಗುವುದಿಲ್ಲ.

ಗುಮಾಸ್ತರೇ ಇನ್ನೊಂದು ಮಾತು ಹೇಳಿದರು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರಿಗೆ, ಆದಾಯ ಎಷ್ಟಿದ್ದರೂ, ಉಚಿತವಾಗಿ ವಕೀಲರನ್ನು ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಇದು ಮೊದಲೇ ಗೊತ್ತಿದ್ದರೆ!

ಹೀಗೆ ವಜಾ ಆದ ದಾವೆಯನ್ನು ಮತ್ತೆ ತೆರೆಸಲು 30 ದಿನದೊಳಗೆ ಅರ್ಜಿ ಹಾಕಬಹುದು. ಸರಿಯಾದ ಕಾರಣ ಹೇಳಬೇಕು. ಹನ್ನೆರಡನೇ ದಿನ ಹಾಕಿದೆವು. ಪ್ರಾಧಿಕಾರದಿಂದ ಸಿಕ್ಕ ವಕೀಲೆ ಅಫಿಡವಿಟ್‌ನಲ್ಲಿ ನನ್ನ ಮಾತನ್ನೇ ಬರೆದರು: ಪಿ.ಎಫ್. ಅಂದರೆ ಕೋರ್ಟ್ ಫೀ ಎಂದು ತಿಳಿದಿದ್ದೆ.

ವಿಚಾರಣೆ ಬರುವ ಸೋಮವಾರ. ದಾವೆಯ ಎರಡು ಪ್ರತಿ ಜೆರಾಕ್ಸ್ ಮಾಡಿಸಿ ಇಟ್ಟಿದ್ದೇನೆ. ಒಂದು ಮಾಲೀಕರಿಗೆ, ಒಂದು ಅವರ ಹೆಂಡತಿಗೆ.