ಹ್ಯೂಸ್ಟನ್ನಿನ ಹೈಸ್ಕೂಲ್ ಹುಡುಗರ ಫಂಕ್

ಜುಲೈ 20, 2024, ಶನಿವಾರ
ಶಿವಮೊಗ್ಗ

ಬೆಳಗಿನಿಂದ ಬಿಡದೆ ಮಳೆ. ಎಲ್ಲಿಗೂ ಹೋಗುವ ಹಾಗಿಲ್ಲ. ಊಟ ಮುಗಿಸಿ 'ಟೆಕ್ಸಾಸ್ ಥಂಡರ್ ಸೋಲ್' ಹಾಕಿಕೊಂಡು ಕೂತೆ. ಕ್ಯಾಶ್ಮಿಯರ್ ಸ್ಟೇಜ್ ಬ್ಯಾಂಡ್ 1968ರಿಂದ 1974ರವರೆಗೆ ಮಾಡಿದ ರೆಕಾರ್ಡಿಂಗ್‌ಗಳ ಸಂಗ್ರಹ ಅದು. ನೌ-ಅಗೇನ್ ಅನ್ನುವ ಕಂಪನಿ 2006ರಲ್ಲಿ ಹೊರತಂದದ್ದು.

ಎರಡನೇ ಟ್ಯೂನ್ ಬರುವ ಹೊತ್ತಿಗೆ ಮಗಳು ಒಳಗಿನಿಂದ ಎದ್ದು ಬಂದಳು.

"ಯಾವ ಬ್ಯಾಂಡ್ ಅಪ್ಪ ಇದು?"

"ಹೈಸ್ಕೂಲ್ ಮಕ್ಕಳದ್ದು."

"ಸುಮ್ನೆ ಹೇಳ್ಬೇಡ."

ಅವಳು ಒಂಬತ್ತನೇ ಕ್ಲಾಸು. ತನ್ನ ವಯಸ್ಸಿನವರು ಹೀಗೆ ಬಾರಿಸುತ್ತಾರೆ ಅಂದರೆ ಅವಳಿಗೆ ನಂಬಿಕೆಯೇ ಬರಲಿಲ್ಲ. ಮೊದಲ ಸಲ ಕೇಳಿದಾಗ ನಾನೂ ನಂಬಿರಲಿಲ್ಲ.

ಹೆಸರು ನೋಡಿ ನಮ್ಮ ಕಾಶ್ಮೀರ ನೆನಪಾಗುತ್ತದೆ, ಅಲ್ವಾ? ಇದು ಕ್ಯಾಶ್ಮಿಯರ್ ಗಾರ್ಡನ್ಸ್, ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿರುವ ಬಡಾವಣೆ. ಕಪ್ಪು ಜನ ಹೆಚ್ಚಾಗಿದ್ದ, ಕೈಯಲ್ಲಿ ದುಡ್ಡು ಕಡಿಮೆ ಇದ್ದ ಜಾಗ. ಅಲ್ಲಿನ ಹೈಸ್ಕೂಲಿನ ಬ್ಯಾಂಡ್ ಮೇಷ್ಟ್ರು ಕಾನ್ರಾಡ್ ಜಾನ್ಸನ್. ಹುಡುಗರೆಲ್ಲ ಅವರನ್ನು 'ಪ್ರೊಫ್' ಅನ್ನುತ್ತಿದ್ದರು. ಸ್ವತಃ ಒಳ್ಳೆಯ ಸ್ಯಾಕ್ಸೋಫೋನ್ ವಾದಕರು. ಊರೂರು ತಿರುಗುವ ವಾದಕನ ಬದುಕು ಬಿಟ್ಟು ಮೇಷ್ಟ್ರ ಕೆಲಸ ಹಿಡಿದರು. 37 ವರ್ಷ ಪಾಠ ಹೇಳಿದರು.

ಆಗ ಅಮೆರಿಕದ ಶಾಲೆಗಳಲ್ಲಿ 'ಸ್ಟೇಜ್ ಬ್ಯಾಂಡ್' ಎಂದರೆ ಟ್ರಂಪೆಟ್, ಟ್ರೊಂಬೋನ್, ಸ್ಯಾಕ್ಸೋಫೋನ್‌ಗಳ ಸಾಲು ಇಟ್ಟುಕೊಂಡು ಹಳೆಯ ಕಾಲದ ಜಾಝ್ ನುಡಿಸುವ ತಂಡ. ಮಕ್ಕಳು ಕುರ್ಚಿಯಲ್ಲಿ ಕೂತು, ಮುಂದೆ ಹಾಳೆ ಇಟ್ಟುಕೊಂಡು, ಅಲ್ಲಾಡದೆ ನುಡಿಸಬೇಕು. 1967ರಲ್ಲಿ ಜಾನ್ಸನ್ ಆಗಿನ ಹೆಸರಾಂತ ಸೋಲ್ ಗಾಯಕ ಓಟಿಸ್ ರೆಡ್ಡಿಂಗ್ ಅವರ ಕಾರ್ಯಕ್ರಮ ನೋಡಿದರು. ಹಿಂದೆ ನಿಂತ ವಾದಕರೆಲ್ಲ ಒಟ್ಟಿಗೆ ಹೆಜ್ಜೆ ಹಾಕುತ್ತಾ ನುಡಿಸುತ್ತಿದ್ದರು. ಇದನ್ನು ನನ್ನ ಹುಡುಗರೂ ಮಾಡಬಹುದಲ್ಲ ಅನ್ನಿಸಿತು ಅವರಿಗೆ. ಶಾಲೆಗೆ ಬಂದು ತಾವೇ ಟ್ಯೂನ್ ಬರೆಯತೊಡಗಿದರು. ಮಕ್ಕಳು ಮನೆಯಲ್ಲಿ ರೇಡಿಯೋದಲ್ಲಿ ಕೇಳುತ್ತಿದ್ದ ಫಂಕ್ ಸಂಗೀತವೇ ಕ್ಲಾಸಿಗೆ ಬಂತು.

ಫಂಕ್ ಕೇಳದವರಿಗೆ ಒಂದು ಮಾತು. ನಾಲ್ಕು ಎಣಿಕೆಯ ತಾಳ. ಫಂಕ್‌ಗೆ ದಾರಿ ಹಾಕಿದ ಗಾಯಕ ಜೇಮ್ಸ್ ಬ್ರೌನ್ ತಮ್ಮ ವಾದಕರಿಗೆ ಪದೇ ಪದೇ ಹೇಳುತ್ತಿದ್ದದ್ದು ಮೊದಲನೇ ಏಟಿನ ವಿಚಾರ. ಆ ಒಂದರ ಮೇಲೆ ಎಲ್ಲರೂ ಸೇರಿ ಭಾರ ಹಾಕಬೇಕು. ಉಳಿದ ಜಾಗದಲ್ಲಿ ಒಬ್ಬೊಬ್ಬರು ಒಂದೊಂದು ಸಣ್ಣ ಮಾತು ಆಡಿ ಸುಮ್ಮನಾಗಬೇಕು. ಗಿಟಾರ್ ಆಗಲಿ ತುತ್ತೂರಿಯಾಗಲಿ, ಎಲ್ಲವೂ ಡೋಲಿನ ಹಾಗೆ ಕೆಲಸ ಮಾಡುತ್ತವೆ. ನುಡಿಸಿದ್ದಕ್ಕಿಂತ ನುಡಿಸದೆ ಬಿಟ್ಟದ್ದೇ ಕಷ್ಟದ ಕೆಲಸ. ಹದಿನಾರು ವರ್ಷದ ಹುಡುಗನ ಕೈಗೆ ಟ್ರಂಪೆಟ್ ಕೊಟ್ಟು ಈಗ ಊದಬೇಡ, ಕಾಯಿ ಅನ್ನುವುದು ಸುಲಭವಲ್ಲ.

ಅದು ನನಗೆ ಸ್ವಲ್ಪ ಗೊತ್ತು. ಹೈಸ್ಕೂಲಿನಲ್ಲಿ ಆಗಸ್ಟ್ 15ರ ಪರೇಡಿಗೆ ನಾನು ಸೈಡ್ ಡ್ರಮ್ ಬಾರಿಸುತ್ತಿದ್ದೆ. ಹನ್ನೆರಡು ಹುಡುಗರು ಒಂದೇ ಏಟಿಗೆ ನಿಲ್ಲಬೇಕು. ಅಷ್ಟಕ್ಕೇ ನಮ್ಮ ಪಿ.ಟಿ. ಮೇಷ್ಟ್ರು ಒಂದು ತಿಂಗಳು ಬೆಳಿಗ್ಗೆ ಏಳಕ್ಕೆ ಬಂದು ಮೈದಾನದಲ್ಲಿ ನಿಲ್ಲುತ್ತಿದ್ದರು. ಎಲ್ಲರ ಕೈ ಕೂಡಿ ಬರುವಷ್ಟರಲ್ಲಿ ವರ್ಷ ಮುಗಿಯುತ್ತಿತ್ತು. ಹತ್ತನೇ ಕ್ಲಾಸಿನವರು ಹೋಗಿಬಿಡುತ್ತಿದ್ದರು. ಮೇಷ್ಟ್ರು ಮತ್ತೆ ಒಂದರಿಂದ ಶುರು ಮಾಡಬೇಕು.

ಕ್ಯಾಶ್ಮಿಯರ್ ಕೇಳುವಾಗೆಲ್ಲ ನನ್ನನ್ನು ಹಿಡಿದು ನಿಲ್ಲಿಸುವುದು ಇದೇ. ಜೇಮ್ಸ್ ಬ್ರೌನ್‌ಗೆ ಒಳ್ಳೆಯ ಡ್ರಮ್ಮರ್ ಸಿಕ್ಕಿದರೆ ವರ್ಷಗಟ್ಟಲೆ ಇಟ್ಟುಕೊಳ್ಳಬಹುದಿತ್ತು. ಜಾನ್ಸನ್ ಹಾಗೆ ಮಾಡುವಂತಿರಲಿಲ್ಲ. ಹುಡುಗ ಚೆನ್ನಾಗಿ ಬಾರಿಸುವ ಹೊತ್ತಿಗೆ ಅವನ ಓದು ಮುಗಿದಿರುತ್ತಿತ್ತು. ಆದರೂ ಒಂದು ದಶಕದಲ್ಲಿ ಎಂಟು ಆಲ್ಬಂ ಮಾಡಿದರು. 1969ರಿಂದ 1977ರವರೆಗೆ 46 ಸ್ಪರ್ಧೆಗಳಲ್ಲಿ 42 ಗೆದ್ದರು. ಯುರೋಪಿಗೆ, ಜಪಾನಿಗೆ ಹೋಗಿ ಬಂದರು. ಸಾಲಿನಲ್ಲಿದ್ದ ಮುಖಗಳು ವರ್ಷ ವರ್ಷ ಬದಲಾಗುತ್ತಿದ್ದವು. ನಾದ ಮಾತ್ರ ಅದೇ ಗಟ್ಟಿ ನಾದ.

ಆ ರೆಕಾರ್ಡ್‌ಗಳು ಬಂದದ್ದು ಕ್ರಾಮ್ ಅನ್ನುವ ಪುಟ್ಟ ರೆಕಾರ್ಡ್ ಕಂಪನಿಯಿಂದ. ದೊಡ್ಡ ಕಂಪನಿಯ ಜಾಹೀರಾತು, ದೇಶದ ತುಂಬ ಅಂಗಡಿ, ಯಾವುದೂ ಇರಲಿಲ್ಲ. ಒಂದು ರೆಕಾರ್ಡ್ ಎಂದರೆ ಆ ವರ್ಷದ ಮಕ್ಕಳ ಗ್ರೂಪ್ ಫೋಟೋ ಇದ್ದ ಹಾಗೆ. ಬಹಳ ವರ್ಷಗಳ ಮೇಲೆ ಹಳೆಯ ರೆಕಾರ್ಡ್ ಹುಡುಕುವ ಡಿಜೆಗಳ ಕಣ್ಣಿಗೆ ಬಿದ್ದವು. 2001ರಲ್ಲಿ ಸ್ಟೋನ್ಸ್ ಥ್ರೋ ಕಂಪನಿ 'ದ ಫಂಕಿ 16 ಕಾರ್ನರ್ಸ್' ಎಂಬ ಸಂಗ್ರಹ ತಂದಾಗ ಅದರಲ್ಲಿ ಇವರ 'ಸ್ಕಾರ್ಪಿಯೋ' ಸೇರಿತು. ಸಂಗ್ರಹದ ಹೆಸರು ಇಂಡಿಯಾನಾಪೊಲಿಸ್‌ನ ಹೈಲೈಟರ್ಸ್ ತಂಡದ ಟ್ಯೂನಿನದು. ಅದೂ ಹೊರಗಿನವರಿಗೆ ಅಷ್ಟಾಗಿ ಗೊತ್ತಿರದ ತಂಡವೇ. ಅವರ ಬಗ್ಗೆ ಇನ್ನೊಂದು ದಿನ ಬರೆಯಬೇಕು.

'ಸ್ಕಾರ್ಪಿಯೋ' ಮೂಲದಲ್ಲಿ ಡೆಟ್ರಾಯಿಟ್‌ನ ಗಿಟಾರ್ ವಾದಕ ಡೆನಿಸ್ ಕಾಫಿ ಅವರದು, 1971ರದು. ಆ ಟ್ಯೂನಿಗೆ ಗಿಟಾರೇ ಜೀವ. ಈ ಹುಡುಗರು ಅದನ್ನು ತುತ್ತೂರಿಗಳ ಕೈಗೆ ಕೊಟ್ಟಿದ್ದಾರೆ. ನನಗೆ ಇದೇ ಜಾಸ್ತಿ ಇಷ್ಟ. ಹಿತ್ತಾಳೆಯ ಸಾಲು ಒಟ್ಟಿಗೆ ಎದ್ದು ಬಂದಾಗ ಎದೆಗೆ ತಾಗುತ್ತದೆ. ಆದರೆ ಮೊದಲು ಕೇಳುವವರಿಗೆ ನಾನು ಹಾಕುವುದು ಜಾನ್ಸನ್ ಅವರದೇ ಆದ 'ಕ್ಯಾಶ್ಮಿಯರ್'. ಹಿಪ್‌ಹಾಪ್‌ನವರು ಆ ಡ್ರಮ್ಸ್ ತುಣುಕನ್ನು ತಮ್ಮ ಹಾಡಿಗೆ ಎತ್ತಿಕೊಂಡದ್ದು ಸುಮ್ಮನೆ ಅಲ್ಲ. ಅಲ್ಲಲ್ಲಿ ಒರಟು ಕೇಳುತ್ತದೆ, ನಿಜ. ಆ ಒರಟುತನ ತೆಗೆದರೆ ಹುಡುಗರೇ ಹೋಗಿಬಿಡುತ್ತಾರೆ.

ಜಾನ್ಸನ್ 1978ರಲ್ಲಿ ನಿವೃತ್ತರಾದರು. ಮುವ್ವತ್ತು ವರ್ಷದ ನಂತರ, 2008ರ ಫೆಬ್ರವರಿ 1ರಂದು, ಹಳೆಯ ವಿದ್ಯಾರ್ಥಿಗಳು ಸೇರಿ ಅವರ ಮುಂದೆ ನುಡಿಸಿದರು. ಅದರಲ್ಲಿ ಕೆಲವರು ದಶಕಗಳಿಂದ ವಾದ್ಯ ಮುಟ್ಟಿಯೇ ಇರಲಿಲ್ಲ. ತಲೆ ನೆರೆತ ಗಂಡಸರು ಹೆಂಗಸರು ಮತ್ತೆ ತುಟಿ ಹದ ಮಾಡಿಕೊಂಡು, ಮತ್ತೆ ಅಭ್ಯಾಸ ಮಾಡಿ ನಿಂತರು. ಪ್ರೊಫ್‌ಗೆ 92 ವರ್ಷ. ಕೂತು ಕೇಳಿದರು. ಎರಡು ದಿನಕ್ಕೆ ಹೋಗಿಬಿಟ್ಟರು. ಈ ಕಥೆಯನ್ನು 'ಥಂಡರ್ ಸೋಲ್' ಎಂಬ ಸಾಕ್ಷ್ಯಚಿತ್ರದಲ್ಲಿ ನೋಡಬಹುದು.

ಮಗಳಿಗೆ ಇಷ್ಟು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರು ತಪ್ಪು ಬಾರಿಸಿದ್ರಾ ಅವತ್ತು?" ಅಂದಳು.

"ಒಂದರ ಮೇಲೆ ಸರಿಯಾಗಿ ಬಿದ್ದರು" ಅಂದೆ.

ರಾತ್ರಿ ಹತ್ತೂವರೆ. ಮಳೆ ಇನ್ನೂ ನಿಂತಿಲ್ಲ. ನಾಳೆ ಇಡೀ ಸಂಗ್ರಹವನ್ನು ಮತ್ತೆ ಹಾಕಿ ಬರೀ ಡ್ರಮ್ಸ್ ಕೇಳಬೇಕು. ಒಬ್ಬ ಹುಡುಗ ಹೋಗಿ ಇನ್ನೊಬ್ಬ ಬಂದು ಕೂತದ್ದನ್ನು ಕೈಯ ಏಟಿನಲ್ಲೇ ಗುರುತು ಹಿಡಿಯುವ ಆಸೆ. ಮಗಳು ತಾನೂ ಕೂತು ಎಣಿಸುತ್ತೇನೆ ಅಂದಿದ್ದಾಳೆ.