ಹನ್ನೊಂದು ಮನೆ

ಜೂನ್ 14, 2025, ಶನಿವಾರ
ಹಿರಿಯೂರು

ಬೆಳಿಗ್ಗೆ ಮೋಡ ಇತ್ತು. ಹಳ್ಳಿ ಮುಟ್ಟುವಷ್ಟರಲ್ಲಿ ಬಿಸಿಲು.

ಇವತ್ತು ಬೆಳೆ ಸಲಹೆ ಕೊಡೋಕೆ ಹೋಗಿದ್ದ ಮನೆಯ ಯಜಮಾನರಿಗೆ ನಾಲ್ಕು ಎಕರೆ ಇದೆ. ಅಷ್ಟಕ್ಕೂ ಸಾವಯವ ಟೊಮೇಟೊ ಹಾಕ್ತೀನಿ ಅಂತ ಹಠ. ಮೊಬೈಲಿನಲ್ಲಿ ವಿಡಿಯೊ ನೋಡಿ ಬಂದ ಹುರುಪು. "ಡಬಲ್ ರೇಟ್ ಸಿಗುತ್ತಂತೆ ಸಾರ್, ಬೆಂಗಳೂರಲ್ಲಿ." ಬೆಂಗಳೂರಲ್ಲಿ ಯಾರು ಕೊಡ್ತಾರೆ ಅಂದೆ. ಸುಮ್ಮನಾದರು.

ಹಳೇ ಮದುವೆ ಕಾರ್ಡಿನ ಹಿಂದೆ ಲೆಕ್ಕ ಬರೆದೆವು. ಮಂಡಿಯಲ್ಲಿ ಸೈಜು, ಬಣ್ಣ ನೋಡಿ ಕೂಗುತ್ತಾರೆ. ಸಗಣಿ, ಗಂಜಲದ ಜೀವಾಮೃತ ಹಾಕಿದ್ದು ಯಾರ ಕಣ್ಣಿಗೂ ಬೀಳಲ್ಲ. ಅಂಗಡಿಯವರಿಗೆ ಸಾವಯವ ಅನ್ನೋ ಸರ್ಟಿಫಿಕೇಟ್ ಬೇಕು. ಅದನ್ನು ಕೊಡೋ ಕೇಂದ್ರದ ಎನ್‌ಪಿಒಪಿ ನಿಯಮದಲ್ಲಿ ತರಕಾರಿಗೆ ಬಿತ್ತನೆಗಿಂತ ಮುಂಚೆ ಎರಡು ವರ್ಷ ಪರಿವರ್ತನೆ ಅವಧಿ, ಅಂದರೆ ಅಷ್ಟು ದಿನ ಹೊಲವನ್ನು ಸಾವಯವಕ್ಕೆ ಹೊರಳಿಸಬೇಕು. ರಾಸಾಯನಿಕ ಗೊಬ್ಬರ, ಔಷಧಿ ಬಿಟ್ಟ ಮೊದಲಲ್ಲಿ ಇಳುವರಿ ಕುಸಿಯೋದೇ ಜಾಸ್ತಿ, ಲೇಬಲ್ಲೂ ಇರಲ್ಲ. ರೈತರೇ ಒಬ್ಬರಿಗೊಬ್ಬರು ಖಾತರಿ ಕೊಡೋ ಪಿಜಿಎಸ್ ಸರ್ಟಿಫಿಕೇಟ್‌ಗೆ ಖರ್ಚು ಕಮ್ಮಿ. ಆದರೆ ಐದು ಜನ ರೈತರಾದರೂ ಗುಂಪು ಕಟ್ಟಿ, ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಒಪ್ಪಬೇಕು. "ನಮ್ಮೂರಲ್ಲಿ ಐದು ಜನ ಒಟ್ಟಿಗೆ ಕೂರೋದು ಎಲೆಕ್ಷನ್‌ಗೆ ಮಾತ್ರ" ಅಂತ ನಕ್ಕರು. ಪಡುವಣ ಬದುವಿನಾಚೆ ಪಕ್ಕದವರ ಈರುಳ್ಳಿ ಬೇರೆ. ಆಷಾಢದ ಗಾಳಿಗೆ ಅವರು ಹೊಡೆದ ಔಷಧಿ ಇತ್ತಲೇ ಬರುತ್ತೆ.

ಅಕ್ಕಿ ಆರಿಸುತ್ತಾ ಕೂತಿದ್ದ ಅವರ ಮನೆಯಾಕೆ ಆಗ ಬಾಯಿ ಬಿಟ್ಟರು. "ನನ್ ಸೊಪ್ಪು ಕೇಳ್ಕೊಂಡು ಬರ್ತಾರಲ್ಲ ಪೇಟೆಯೋರು?" ಟೀಚರಮ್ಮ, ಬ್ಯಾಂಕಿನವರು, ಔಷಧಿ ಅಂಗಡಿಯವರು... ಬೆರಳು ಮಡಚಿ ಎಣಿಸಿದರೆ ಹನ್ನೊಂದು ಮನೆ. ನಾನು ಒಂದು ಗಂಟೆಯಿಂದ ಹುಡುಕುತ್ತಿದ್ದ ಮಾರ್ಕೆಟ್ಟು ಮೊರದ ಮುಂದೆಯೇ ಕೂತಿತ್ತು. ಬೆಳೆದವರೇ ನೇರ ತಿನ್ನುವವರಿಗೆ ಮಾರಿದರೆ ಸಣ್ಣ ರೈತರಿಗೆ ಸಾವಯವ ಆಹಾರದ 2017ರ ನಿಯಮದಲ್ಲೂ ಸರ್ಟಿಫಿಕೇಟ್ ಕಡ್ಡಾಯ ಇಲ್ಲ.

ಯಜಮಾನರು ಹತ್ತು ಗುಂಟೆ ಸಾವಯವ ಸೊಪ್ಪಿಗೆ ಒಪ್ಪಿದರು. ಮೆಂತ್ಯ, ಪಾಲಕ್, ದಂಟು. ತಿಂಗಳಿಗೆ ಕೊಯ್ಲಿಗೆ ಬರುತ್ತೆ, ಕೆಟ್ಟರೂ ಹೋಗೋದು ಒಂದು ತಿಂಗಳು. ಟೊಮೇಟೊಗೆ ಬಿಳಿನೊಣದಿಂದ ಎಲೆಮುರುಟು ಬಂದರೆ ಸಸಿ, ಕೋಲು, ದಾರ, ಕೂಲಿ ಎಲ್ಲಾ ಮಣ್ಣುಪಾಲು. ಉಳಿದ ಹೊಲ ಸದ್ಯಕ್ಕೆ ಇದ್ದಂಗೇ ಇರಲಿ.

ನನಗೂ ಈ ಬುದ್ಧಿ ತಡವಾಗಿ ಬಂದಿದ್ದು. ಹಿಂದೊಮ್ಮೆ ಕೊಳ್ಳೋರನ್ನು ಹುಡುಕದೆ ಒಬ್ಬರಿಂದ ಅರ್ಧ ಎಕರೆ ಎಲೆಕೋಸು ಹಾಕಿಸಿದ್ದೆ. ಬೆಳೆ ಚೆನ್ನಾಗಿಯೇ ಬಂತು. ಕೊನೆಗೆ ದನ ತಿಂದವು. ಅವರು ಈಗಲೂ ಸಿಕ್ಕರೆ ಟೀ ಕುಡಿಸುತ್ತಾರೆ, ಅದೇ ಜಾಸ್ತಿ ನೋವು.

ಹೊರಡುವಾಗ ಆಯಮ್ಮ ಎರಡು ಕಟ್ಟು ದಂಟು ಕೈಗಿಟ್ಟರು. ಬೇಡ ಅಂದೆ. "ಬಿಟ್ಟಿ ಅಲ್ಲ, ಇಪ್ಪತ್ತು ರೂಪಾಯಿ ಕೊಡಿ" ಅಂದರು.